ಬ್ರೇಸ್ ಹಳ್ಳಿಯ ಮೊದಲ ಸಾಕ್ಷಿ



ಸ್ವಲ್ಪ ಉದ್ದದ ಪೋಸ್ಟ್. ಬಿಡುವಾದಾಗ ಓದಿ.

1883ರ ಮೇ 8. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಬ್ರೇಸ್ ಅನ್ನೋ ಊರು. ಮೂರು ಸಣ್ಣ ಕೇರಿ ಸೇರಿದರೆ ಒಂದು ಊರು. ಅಲ್ಲಿ ಸರ್ಕಾರದ ಆಯೋಗ ವಿಚಾರಣೆಗೆ ಕೂತಿದೆ. ಮೊದಲ ಸಾಕ್ಷಿ ಆಂಗಸ್ ಸ್ಟುವರ್ಟ್, ಗೇಣಿದಾರನ ಮಗ. ಗೇಲಿಕ್ ಭಾಷೆಯವನು. ಕಷ್ಟ ಹೇಳಿಕೊಳ್ಳೋ ಮುಂಚೆ ಒಂದು ಭರವಸೆ ಕೇಳಿದ. ನಾನು ನಿಜ ಹೇಳಿದ್ದಕ್ಕೆ ಒಡೆಯ ನಮ್ಮನ್ನ ಒಕ್ಕಲೆಬ್ಬಿಸಲ್ಲ ಅಂತ ನೀವು ಮಾತು ಕೊಡ್ತೀರಾ? ಅಂಥ ಮಾತು ಕೊಡೋ ಅಧಿಕಾರ ನಮಗಿಲ್ಲ ಅಂದರು ಆಯೋಗದವರು. ಕೊನೆಗೆ ಒಡೆಯನ ಏಜೆಂಟನ ಬಾಯಿಂದಲೇ ಭರವಸೆ ಕೊಡಿಸಬೇಕಾಯ್ತು. ಆಮೇಲೆ ಅವನು ಬಾಯಿಬಿಟ್ಟ.

ನಾನು ಆಫೀಸಲ್ಲಿ ಕಡತ ಕಟ್ಟೋ ಗುಮಾಸ್ತ. ವರದಿ, ಹೇಳಿಕೆ, ಅನುಬಂಧ ಓದೋದು ಅಭ್ಯಾಸವಾಗಿಬಿಟ್ಟಿದೆ. ಆದರೂ ಈ ಭಾಗಕ್ಕೆ ಬಂದಾಗ ಮುಂದಕ್ಕೆ ಹೋಗಕ್ಕೆ ಆಗಲಿಲ್ಲ. ದೌರ್ಜನ್ಯ ಕೇಸುಗಳಲ್ಲಿ ಸಾಕ್ಷಿ ಹೇಳೋರನ್ನ ಕೋರ್ಟ್ ಬಾಗಿಲ ತನಕ ಕರ್ಕೊಂಡು ಹೋದ ಗೆಳೆಯರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಆಯೋಗ ಸುಮ್ಮನೆ ಬರಲಿಲ್ಲ. ಬ್ರೇಸ್ ಜನ ಕ್ರಾಫ್ಟರ್‌ಗಳು. ಅಂದರೆ ಒಡೆಯನ ಜಮೀನಲ್ಲಿ ಚೂರು ನೆಲ ಗೇಣಿಗೆ ಮಾಡೋರು. ಮನೆ ತಾವೇ ಕಟ್ಟಿಕೊಂಡಿರ್ತಾರೆ, ಅದರ ಕೆಳಗಿನ ನೆಲ ಒಡೆಯನದು. ಊರ ಪಕ್ಕದಲ್ಲೇ ಬೆನ್ ಲೀ ಗುಡ್ಡ. ಹಿಂದಿನಿಂದ ಇವರ ದನಕುರಿ ಮೇಯ್ತಿದ್ದದ್ದು ಅಲ್ಲೇ. 1860ರ ದಶಕದಲ್ಲಿ ಒಡೆಯ ಲಾರ್ಡ್ ಮ್ಯಾಕ್‌ಡೊನಾಲ್ಡ್ ಕಡೆಯವರು ಅದನ್ನ ಕಿತ್ಕೊಂಡು ಕುರಿ ಸಾಕೋ ದೊಡ್ಡ ಕುಳಕ್ಕೆ ಕೊಟ್ಟರು. ವಾಪಸ್ ಕೊಡಿ ಅಂತ ಜನ ಕೇಳಿದರು, ಕೊಡಲಿಲ್ಲ. ಹಾಗಾದರೆ ಗೇಣಿ ಕಟ್ಟಲ್ಲ ಅಂತ ಕೂತರು. 1882ರ ಏಪ್ರಿಲ್‌ನಲ್ಲಿ ಒಕ್ಕಲೆಬ್ಬಿಸೋ ನೋಟಿಸ್ ತಂದ ಅಧಿಕಾರಿಯ ಕೈಯಿಂದಲೇ ಆ ಕಾಗದ ಸುಡಿಸಿದರು. (ಸುಟ್ಟ ಕಾಗದ ಅಂದ ತಕ್ಷಣ ನನಗೆ ಮಹಾಡ್ ನೆನಪಾಗುತ್ತೆ. ಹೋಲಿಕೆ ಅಲ್ಲ, ನೆನಪು ಅಷ್ಟೇ.)

ಏಪ್ರಿಲ್ 19ಕ್ಕೆ ಗ್ಲಾಸ್ಗೋದಿಂದ ತರಿಸಿದ ಸುಮಾರು 50 ಪೊಲೀಸರು ಬೆಳ್ಳಂಬೆಳಗ್ಗೆ ಬಂದರು. ಐದು ಜನರನ್ನ ಹಿಡಿದರು. ವಾಪಸ್ ಹೋಗೋ ದಾರಿ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಇಕ್ಕಟ್ಟು. ಅಲ್ಲಿ ಕಲ್ಲು ಬಿತ್ತು. ಮುಂದೆ ನಿಂತು ಕಲ್ಲೆಸೆದವರಲ್ಲಿ ಹೆಂಗಸರೇ ಜಾಸ್ತಿ. ಲಾಠಿ ಏಟಿಗೆ ಅವರ ತಲೆಗಳೂ ಒಡೆದವು. ಹಿಡಿದ ಐವರಿಗೆ ಜ್ಯೂರಿ ಇಲ್ಲದ ಕೋರ್ಟಲ್ಲಿ ದಂಡ ಹಾಕಿದರು, ಬೆಂಬಲಿಗರು ಆ ದಂಡ ಕಟ್ಟಿದರು. ಅದೇ ದ್ವೀಪದ ಗ್ಲೆಂಡೇಲ್‌ನಲ್ಲೂ ಗಲಾಟೆ ಎದ್ದು, ಮುಂದಿನ ವರ್ಷ ಯುದ್ಧನೌಕೆಯೇ ಬಂತು. ಆಯೋಗ ಆಗಿದ್ದು ಇಷ್ಟೆಲ್ಲ ಆದ ಮೇಲೆ.

ಆಯೋಗದ ಅಧ್ಯಕ್ಷ ಯಾರು ಗೊತ್ತಾ? ಲಾರ್ಡ್ ನೇಪಿಯರ್. 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದೋರು. ಆಗ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡ ಎಲ್ಲ ಮದ್ರಾಸಿಗೇ ಸೇರಿದ್ದವು. ಆಯೋಗದ ಸದಸ್ಯರಲ್ಲಿ ಭೂಮಾಲೀಕರೂ ಇದ್ದರು, ಅದರಲ್ಲಿ ಆಶ್ಚರ್ಯ ಏನಿಲ್ಲ. ಇನ್ನೊಂದು ಮಾತು. ಹೈಲ್ಯಾಂಡಿನವರನ್ನ ಬರೀ ಪಾಪದವರು ಅಂದ್ಕೋಬೇಡಿ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ದಂಡಲ್ಲಿ ಹೈಲ್ಯಾಂಡ್ ಪಡೆಗಳೂ ಇದ್ದವು. ಮತ್ತೆ ಅವರ ಬಡತನಕ್ಕೆ ಮುಟ್ಟು-ಮಡಿ ಅಂಟಿರಲಿಲ್ಲ. ಅದನ್ನ ಮರೆತು ಹೋಲಿಸೋದು ತಪ್ಪು.

1886ರಲ್ಲಿ ಕಾಯ್ದೆ ಬಂತು. ಕ್ರಾಫ್ಟರನ್ನ ಮನಸ್ಸಿಗೆ ಬಂದಹಾಗೆ ಎಬ್ಬಿಸೋ ಹಾಗಿಲ್ಲ, ಗೇಣಿ ಎಷ್ಟು ಅಂತ ಪ್ರತ್ಯೇಕ ಆಯೋಗ ನಿಗದಿ ಮಾಡುತ್ತೆ, ಹಿಡುವಳಿ ವಾರಸುದಾರರಿಗೆ ಹೋಗುತ್ತೆ. ದೊಡ್ಡ ಗೆಲುವು, ಅನುಮಾನ ಬೇಡ. ಬ್ರೇಸ್ ರಸ್ತೆ ಬದಿಯಲ್ಲಿ ಆ ಹೋರಾಟದ ನೆನಪಿಗೆ ಕಲ್ಲಿನ ಗೋಪುರ ಕಟ್ಟಿದ್ದಾರೆ.

ಆದರೆ ಅದೇ ಹಳ್ಳಿಗಾಡಲ್ಲಿ ಕಾಟರ್‌ಗಳು ಅಂತ ಇದ್ದರು. ಗುಡಿಸಲು ಇದೆ, ಗೇಣಿ ಜಮೀನೂ ಇಲ್ಲ. ಕಾಯ್ದೆ ಅವರಿಗೆ ನೆಲ ಕೊಡಲಿಲ್ಲ. ಮರುವರ್ಷವೇ, 1887ರ ನವೆಂಬರಲ್ಲಿ, ಲೂಯಿಸ್ ದ್ವೀಪದಲ್ಲಿ ಭೂಮಿ ಇಲ್ಲದವರು ಒಡೆಯರು ಬೇಟೆಗೆ ಅಂತ ಜಿಂಕೆ ಬಿಟ್ಟಿದ್ದ ಕಾಡಿಗೆ ನುಗ್ಗಿದರು. ಹೋರಾಟದ ಕತೆ ಹೇಳೋರು ಸಾಮಾನ್ಯವಾಗಿ 1886ಕ್ಕೇ ನಿಲ್ಲಿಸಿಬಿಡ್ತಾರೆ. ಕಾಟರ್ ಅನ್ನೋ ಪದ ಅಡಿಟಿಪ್ಪಣಿಗೆ ಹೋಗುತ್ತೆ.

ನಮ್ಮಲ್ಲೂ 1974ರ ತಿದ್ದುಪಡಿ ಆದಮೇಲೆ ಉಳುವವನೇ ಹೊಲದೊಡೆಯ ಅಂತ ಊರೂರಲ್ಲಿ ಕೂಗಿದರು. ಊರಲ್ಲಿ ಗೇಣಿ ಮಾಡ್ತಿದ್ದೋರು ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್‌ಗೆ ಹಾಕಿದರು, ಕೆಲವರಿಗೆ ಜಮೀನೂ ಆಯ್ತು. ನಮ್ಮ ತಾತನೂ ಅದೇ ಹೊಲಗಳಲ್ಲೇ ಉತ್ತಿದ್ದು. ಆದರೆ ಗೇಣಿದಾರನಾಗಿ ಅಲ್ಲ, ಜೀತದಾಳಾಗಿ. ಆ ಫಾರಂನಲ್ಲಿ ಅವನ ಹೆಸರು ಬರೆಯೋ ಕಾಲಂ ಇರಲಿಲ್ಲ.