ಹಾರ ಮತ್ತು ದಾರ

ಮಹಾವೀರಾಚಾರ್ಯರ ಹೆಸರನ್ನು ಹೊರನಾಡ ಕನ್ನಡಿಗರಾದ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ರಚಿತವಾದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಅವರು ಸಂಸ್ಕೃತ ಶ್ಲೋಕಗಳಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾಯಿತು. ರಾಜ್ಯೋತ್ಸವದ ಭಾಷಣಗಳಲ್ಲಿ ಅದಕ್ಕೊಂದು ವಾಕ್ಯ ಸಲ್ಲುತ್ತದೆ. ಆ ವಾಕ್ಯದಾಚೆಗೆ ನಾವು ಹೋಗುವುದಿಲ್ಲವೆಂಬುದೇ ನಮ್ಮ ಆಕ್ಷೇಪ. ಅದು ಮೊದಲು ನಮ್ಮ ಮೇಲೆಯೇ.

ಆಚಾರ್ಯರ ಗುಣಾಕಾರಗಳಲ್ಲೊಂದು ಇದು: 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ, ಯಾವ ತುದಿಯಿಂದ ಓದಿದರೂ ಒಂದೇ ಆಗಿರುವ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸುವುದುಂಟು. ಇದನ್ನು ಹೆಮ್ಮೆಯಿಂದ ತೋರಿಸಿದಾಗ ಮಗಳು ಕೇಳಿದಳು: “ಯಾಕೆ ಹೀಗೆ ಬರುತ್ತೆ?” ಇಂಗ್ಲಿಷ್ ಎಂ.ಎ. ಮಾಡಿ, ಕಚೇರಿಯಲ್ಲಿ ಕಡತಗಳ ಸಂಖ್ಯೆಗಳನ್ನಷ್ಟೇ ಬಲ್ಲ ನಮ್ಮಲ್ಲಿ ಉತ್ತರವಿರಲಿಲ್ಲ, ಅಭಿಮಾನವಷ್ಟೇ ಇತ್ತು.

ಕಾಗದ ಹಿಡಿದು ಕುಳಿತ ಮೇಲೆ ತಿಳಿಯಿತು, ಅದು 111111ರ ವರ್ಗ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಒಂದೊಂದು ಸ್ಥಾನ ಎಡಕ್ಕೆ ಸರಿದ ಆರು ಸಾಲುಗಳು ಬರುತ್ತವೆ. ಬಲಗಡೆಯಿಂದ ಕೂಡುತ್ತ ಹೋದರೆ ಒಂದು, ಎರಡು, ಹೀಗೆ ಆರರವರೆಗೆ, ಅನಂತರ ಇಳಿಕೆ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು. 441 ಎಂದರೆ 3 × 7ರ ವರ್ಗ. 27994681 ಎಂದರೆ 11 × 13 × 37ರ ವರ್ಗ. ಹಾರದ ದಾರ ಸಿಕ್ಕಿತು.

ಅದರ ಮಿತಿಯೂ ತಿಳಿಯಿತು. ಒಂಬತ್ತು ಒಂದುಗಳ ವರ್ಗ 12345678987654321. ಹತ್ತನೆಯ ಒಂದು ಸೇರಿದೊಡನೆ ನಡುವಣ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಸಾಗಿ, 1234567900987654321 ಆಗುತ್ತದೆ, ಹಾರ ಹರಿಯುತ್ತದೆ. ಆಚಾರ್ಯರ ಸಂಖ್ಯೆಯನ್ನೇ ಹತ್ತರ ಬದಲು ಹನ್ನೆರಡರ ಎಣಿಕೆಯಲ್ಲಿ ಬರೆದರೆ ಈ ಸೊಗಸು ಉಳಿಯದು. ಆದರೆ ಯಾವ ಎಣಿಕೆಯಲ್ಲಿ ಬರೆದರೂ ಅದರ ಅವಿಭಾಜ್ಯ ಅಪವರ್ತನಗಳು ಅವೇ. ಅಂಕಿಗಳ ಚೆಲುವು ನಾವು ಬರೆಯುವ ರೀತಿಗೆ ಸೇರಿದ್ದು, ಅಪವರ್ತನಗಳು ಸಂಖ್ಯೆಗೇ ಸೇರಿದವು.

‘ಅಪವರ್ತನ’ ಎಂಬ ಮಾತನ್ನು ಮಗಳು ಅಂದೇ ಮೊದಲು ಕೇಳಿದ್ದು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ನಾವು ಉಳಿಸಿಕೊಟ್ಟಿರುವ ಕನ್ನಡ ಊಟಕ್ಕೆ, ಹಬ್ಬಕ್ಕೆ, ಹಾಡಿಗೆ ಸಾಲುತ್ತದೆ. ಕಾರಣ ಕೇಳುವುದಕ್ಕೂ ಹೇಳುವುದಕ್ಕೂ ಸಾಲುತ್ತಿಲ್ಲ. ಪೂರ್ವಿಕರ ಗಣಿತವನ್ನು ಹೊಗಳಿ, ಲೆಕ್ಕ ಮಾಡುವ ಭಾಷೆಯಿಂದ ಕನ್ನಡವನ್ನು ದೂರವಿಟ್ಟರೆ ಆ ಹೊಗಳಿಕೆಗೆ ಅರ್ಥವೇನು? ಸಾಹಿತ್ಯ ಬಳಗಕ್ಕೂ ಗಣಿತಕ್ಕೂ ಏನು ಸಂಬಂಧವೆಂದು ಕೇಳುವವರಿಗೆ, ಆಚಾರ್ಯರು ಲೆಕ್ಕಗಳನ್ನು ಶ್ಲೋಕದಲ್ಲೇ ಕಟ್ಟಿದರೆಂಬುದನ್ನು ನೆನಪಿಸಬಹುದು. ಮುಂದಿನ ಕೂಟದಲ್ಲಿ ಕವಿತಾವಾಚನದ ಜೊತೆಗೆ ಇಂಥದೊಂದು ಗುಣಾಕಾರವನ್ನು ಮಕ್ಕಳೊಡನೆ ಕನ್ನಡದಲ್ಲಿ ಬಿಡಿಸೋಣ. ಬೇಕಾಗಿರುವುದು ಒಂದು ಹಲಗೆ, ಅರ್ಧ ಗಂಟೆ.