ತೀರ್ಪಿಗೂ ಮುಂಚಿನ ತೀರ್ಮಾನಗಳು

2018ರ ಮೇ 17ರ ನಸುಕಿನ ಎರಡು ಗಂಟೆ ಸುಮಾರಿಗೆ ಸುಪ್ರೀಂ ಕೋರ್ಟ್‌ನಲ್ಲಿ ಕರ್ನಾಟಕದ ಪ್ರಕರಣವೊಂದರ ವಿಚಾರಣೆ ಶುರುವಾಯಿತು. ಸರ್ಕಾರ ರಚಿಸುವಂತೆ ಬಿ.ಎಸ್. ಯಡಿಯೂರಪ್ಪ ಅವರನ್ನು ರಾಜ್ಯಪಾಲರು ಆಹ್ವಾನಿಸಿದ್ದನ್ನು ಕಾಂಗ್ರೆಸ್ ಮತ್ತು ಜೆಡಿಎಸ್ ಪ್ರಶ್ನಿಸಿದ್ದವು. ಮೂವರು ನ್ಯಾಯಮೂರ್ತಿಗಳು ಬೆಳಕು ಹರಿಯುವವರೆಗೆ ವಾದ ಆಲಿಸಿದರು. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. ಆದರೆ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಕಾಲಾವಕಾಶವನ್ನು ಕೋರ್ಟ್ ಮೊಟಕುಗೊಳಿಸಿತು. ಮೇ 19ರಂದು ಮುಖ್ಯಮಂತ್ರಿ ರಾಜೀನಾಮೆ ನೀಡಿದರು.

ಇದೇ ರಾಜ್ಯದ ಇನ್ನೊಂದು ಪ್ರಕರಣ ನೋಡಿ. ಕಾಲೇಜು ತರಗತಿಗಳಲ್ಲಿ ಹಿಜಾಬ್ ಧರಿಸುವ ಕುರಿತ ವಿವಾದದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ನೀಡಿದರು. ವಿಸ್ತೃತ ಪೀಠ ರಚನೆಗಾಗಿ ಕಡತ ಮುಖ್ಯ ನ್ಯಾಯಮೂರ್ತಿಯವರ ಮುಂದೆ ಹೋಯಿತು. ಎರಡು ವರ್ಷ ಕಳೆದರೂ ಪೀಠ ರಚನೆಯಾಗಲಿಲ್ಲ. ಅಷ್ಟರಲ್ಲಿ ಪಿಯು ಓದುವ ಹುಡುಗಿಯೊಬ್ಬಳ ಕಾಲೇಜು ಜೀವನವೇ ಮುಗಿದುಹೋಗುತ್ತದೆ. ತೀರ್ಪು ಯಾರ ಪರ ಬರಬೇಕು ಎಂಬುದು ಬೇರೆ ಮಾತು. ಒಂದು ಪ್ರಕರಣಕ್ಕೆ ನಡುರಾತ್ರಿಯಲ್ಲೂ ಸಿಕ್ಕ ಸಮಯ ಇನ್ನೊಂದಕ್ಕೆ ಹಗಲಿನಲ್ಲೂ ಏಕೆ ಸಿಗಲಿಲ್ಲ ಎಂದು ಕೇಳಿದರೆ, ತೋರಿಸಲು ಬರಹದಲ್ಲಿ ಯಾವ ಮಾನದಂಡವೂ ಇಲ್ಲ.

ಪ್ರಕರಣಗಳ ಆಯ್ಕೆಗೆ ಬೇರೆಡೆ ಬೇರೆ ಕ್ರಮವಿದೆ. ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ತೀರ್ಪು ನೀಡುತ್ತಾರೆ. ಬರುವ ಸಾವಿರಾರು ಅರ್ಜಿಗಳಲ್ಲಿ ನಾಲ್ವರು ಒಪ್ಪಿದವು ಮಾತ್ರ ಒಳಗೆ ಬರುತ್ತವೆ. ನಮ್ಮಲ್ಲಿ ಹಾಗಿಲ್ಲ. 1950ರಲ್ಲಿ ಎಂಟು ಹುದ್ದೆಗಳೊಂದಿಗೆ ಶುರುವಾದ ಕೋರ್ಟ್‌ನಲ್ಲಿ 2019ರಲ್ಲಿ ಹುದ್ದೆಗಳ ಸಂಖ್ಯೆ 34ಕ್ಕೆ ಏರಿತು. ಬಾಕಿ ಪ್ರಕರಣಗಳು 80 ಸಾವಿರ ದಾಟಿವೆ. ಸಾಮಾನ್ಯವಾಗಿ ಇಬ್ಬರು ಅಥವಾ ಮೂವರ ಪೀಠಗಳು ಕೆಲಸ ಮಾಡುತ್ತವೆ. ಹೆಚ್ಚಿನ ಪ್ರಕರಣಗಳು ಸಂವಿಧಾನದ 136ನೇ ವಿಧಿಯ ಅಡಿ ವಿಶೇಷ ಮೇಲ್ಮನವಿಗಳಾಗಿ ಬರುತ್ತವೆ. ಅಪರೂಪದ ಸಂದರ್ಭಗಳಲ್ಲಿ ಮಾತ್ರ ಈ ಅಧಿಕಾರ ಬಳಸಬೇಕೆಂದು ಕೋರ್ಟ್ 1950ರಲ್ಲೇ ಹೇಳಿತ್ತು. ಅದಕ್ಕೆ ನಿಯಮ ರೂಪಿಸುವ ಪ್ರಶ್ನೆ ಬಂದಾಗ, 2016ರಲ್ಲಿ ಸಂವಿಧಾನ ಪೀಠ ಅದರ ಅಗತ್ಯವಿಲ್ಲ ಎಂದಿತು.

136ನೇ ವಿಧಿ ತೆರೆದಿಟ್ಟ ಈ ಬಾಗಿಲು ಕಿರಿದಾಗಬೇಕೆಂದು ನಾನು ವಾದಿಸುವುದಿಲ್ಲ. ಜಾಮೀನು ಸಿಗದ ವಿಚಾರಣಾಧೀನ ಕೈದಿಗೆ, ಪಿಂಚಣಿಗಾಗಿ ಅಲೆದು ಸೋತ ನೌಕರನಿಗೆ ಅದೇ ಕೊನೆಯ ಆಸರೆ. ಆದರೆ ಆ ಬಾಗಿಲಲ್ಲಿ ನಡೆಯುವ ಆಯ್ಕೆ ಕಾಣುವಂತಿರಬೇಕು. ಬಹಳಷ್ಟು ಅರ್ಜಿಗಳು ಕೆಲವೇ ನಿಮಿಷಗಳ ವಾದದ ನಂತರ, ಕಾರಣ ಹೇಳದ ಒಂದು ಸಾಲಿನ ಆದೇಶದಲ್ಲಿ ವಜಾಗೊಳ್ಳುತ್ತವೆ. ಹಾಗೆ ವಜಾ ಮಾಡಿದ ಮಾತ್ರಕ್ಕೆ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದಂತೆ ಆಗುವುದಿಲ್ಲ ಎಂದು ಕೋರ್ಟೇ 2000ದಲ್ಲಿ ಸ್ಪಷ್ಟಪಡಿಸಿತು. ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಕಂಪನಿ ನಡುವಿನ ವ್ಯಾಜ್ಯದಲ್ಲಿ 2019ರಲ್ಲಿ ಅದನ್ನೇ ಪುನರುಚ್ಚರಿಸಿತು. ಕಾನೂನಿನ ದೃಷ್ಟಿಯಿಂದ ಸರಿ. ಆದರೆ ಬೀದರ್‌ನಿಂದ ಸಾಲ ಮಾಡಿ ದೆಹಲಿಗೆ ಹೋದ ಕಕ್ಷಿದಾರನಿಗೆ ತಾನು ಏಕೆ ಸೋತೆ ಎಂಬುದೇ ತಿಳಿಯುವುದಿಲ್ಲ. ಎರಡು ವಾಕ್ಯಗಳ ಕಾರಣ ಬರೆದರೆ ಕೋರ್ಟ್‌ನ ಸಮಯವೇನೂ ಮುಳುಗಿಹೋಗದು.

ಇದಕ್ಕಿಂತ ದೊಡ್ಡ ತೊಡಕು ವಿಳಂಬದ್ದು. ನೋಟು ರದ್ದತಿ ನಡೆದದ್ದು 2016ರ ನವೆಂಬರ್‌ನಲ್ಲಿ; ಸಂವಿಧಾನ ಪೀಠದ ತೀರ್ಪು ಬಂದದ್ದು 2023ರ ಜನವರಿ 2ರಂದು. ನಾಲ್ವರು ಸರ್ಕಾರದ ಕ್ರಮವನ್ನು ಎತ್ತಿಹಿಡಿದರು. ಭಿನ್ನಮತ ಬರೆದ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಕ್ರಮ ಕಾನೂನುಬಾಹಿರ ಎಂದರು. ಆದರೆ ಹಿಂದಿನ ಸ್ಥಿತಿಯನ್ನು ಮರಳಿ ತರಲಾಗದು ಎಂದೂ ಹೇಳಬೇಕಾಯಿತು. ಆ ಅಭಿಪ್ರಾಯಕ್ಕೇ ಬಹುಮತ ಸಿಕ್ಕಿದ್ದರೂ ಬ್ಯಾಂಕ್ ಮುಂದೆ ಸರದಿಯಲ್ಲಿ ನಿಂತಿದ್ದವರಿಗೆ ಏನೂ ದಕ್ಕುತ್ತಿರಲಿಲ್ಲ. ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡುವ ಚುನಾವಣಾ ಬಾಂಡ್ ಯೋಜನೆಯ ವಿರುದ್ಧದ ಅರ್ಜಿಗಳು 2017ರಿಂದಲೇ ಕಾದಿದ್ದವು. ಯೋಜನೆ ಅಸಾಂವಿಧಾನಿಕ ಎಂದು 2024ರ ಫೆಬ್ರುವರಿ 15ರಂದು ಕೋರ್ಟ್ ಘೋಷಿಸುವ ಹೊತ್ತಿಗೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತದ ಬಾಂಡ್‌ಗಳು ಮಾರಾಟವಾಗಿದ್ದವು. ಒಂದು ಲೋಕಸಭಾ ಚುನಾವಣೆಯೂ ಮುಗಿದಿತ್ತು. ತೀರ್ಪು ದಿಟ್ಟವಾದದ್ದೇ. ಆದರೆ ತಡವಾದಷ್ಟೂ ಅದು ಅಧಿಕಾರದಲ್ಲಿರುವವರಿಗೆ ಅನುಕೂಲ ಮಾಡಿಕೊಟ್ಟಿತು.

ಯಾವ ಪ್ರಕರಣ ಯಾವ ಪೀಠಕ್ಕೆ, ಯಾವಾಗ ಎಂಬ ನಿರ್ಧಾರ ಮುಖ್ಯ ನ್ಯಾಯಮೂರ್ತಿಯವರದು. ಇದನ್ನು ‘ಮಾಸ್ಟರ್ ಆಫ್ ರೋಸ್ಟರ್’ ಎನ್ನುತ್ತಾರೆ. 2018ರ ಜನವರಿ 12ರಂದು ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು ಆಕ್ಷೇಪಿಸಿದ್ದು ಈ ಹಂಚಿಕೆಯ ಬಗ್ಗೆಯೇ. ಅದೇ ವರ್ಷದ ಜುಲೈನಲ್ಲಿ, ಈ ಅಧಿಕಾರವನ್ನು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ ವಹಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿಗಳು ಬದಲಾದಂತೆ ಆದ್ಯತೆಗಳೂ ಬದಲಾಗುತ್ತಿವೆ. ಅವರಲ್ಲಿ ಕೆಲವರ ಅವಧಿ ಕೆಲವೇ ತಿಂಗಳದ್ದು.

ಸರ್ಕಾರದ ಪ್ರತಿ ನಿರ್ಧಾರಕ್ಕೂ ಕಾರಣ ಕೇಳುವ ಕೋರ್ಟ್, ತನ್ನ ಪಟ್ಟಿಗೂ ಕಾರಣ ಕೊಡಬೇಕು. ವರ್ಷವಿಡೀ ಕೆಲಸ ಮಾಡುವ ಸಂವಿಧಾನ ಪೀಠ ಬೇಕು. ಭಿನ್ನ ತೀರ್ಪು ಬಂದರೆ ಮೂರು ತಿಂಗಳೊಳಗೆ ವಿಸ್ತೃತ ಪೀಠ ರಚನೆಯಾಗಬೇಕು. ತುರ್ತು ವಿಚಾರಣೆಯ ಮಾನದಂಡ ಲಿಖಿತವಾಗಿರಬೇಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. 145ನೇ ವಿಧಿಯ ಪ್ರಕಾರ, ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ತನ್ನ ಕಾರ್ಯವಿಧಾನದ ನಿಯಮಗಳನ್ನು ಸುಪ್ರೀಂ ಕೋರ್ಟೇ ರೂಪಿಸಿಕೊಳ್ಳಬಹುದು. ನ್ಯಾಯಮೂರ್ತಿಗಳು ಆ ಕೆಲಸಕ್ಕೆ ಇನ್ನಾದರೂ ಕೈಹಾಕಲಿ.