ಡ್ರಾಯಿಂಗ್ ಮಾಸ್ತರ ಖುರ್ಚಿ ಖಾಲಿ

ಧಾರವಾಡದಲ್ಲಿ ಚಿತ್ರಕಲೆ ಕಲಿಯುವ ಹಳ್ಳಿ ಹುಡುಗರ ಮೊದಲ ಗುರು ಮನೆಯಲ್ಲೇ ಇರುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅಜ್ಜ ಮಾಡುವ ಎತ್ತು, ಅವ್ವನ ಇಳಕಲ್ ಸೀರೆ ಮೇಲಿನ ಕಸೂತಿ ತೇರು, ಆನೆ. ಕಸೂತಿಗೆ ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗೆರೆಯ ಪಾಠ ಇದಕ್ಕಿಂತ ಬೇರೆ ಬೇಕೆ?

ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿ ಧಾರವಾಡದಲ್ಲಿ ಕಲಾಶಾಲೆಯನ್ನೇ ಕಟ್ಟಿದರು. ಈಗಿನವರಿಗೆ ಅಷ್ಟು ದೊಡ್ಡ ಆಸೆಯಿಲ್ಲ, ತಮ್ಮೂರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ ಆದರೆ ಸಾಕು. ಆದರೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಾಸ್ತರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿದಿದೆ. ಚಿತ್ರಕಲೆಯ ಪಿರಿಯಡ್ ಗಣಿತದ ಪಾಲು! ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವವರು ಯಾರು?

ನಿಮ್ಮೂರ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನೊಮ್ಮೆ ಕೇಳಿ. ಬಿಸಿಯೂಟದ ಲೆಕ್ಕ ಮುಗಿದ ಮೇಲಾದರೂ ಸರಿ.